ಹತ್ತು ಕೋಟಿ ಸಾಲಿಗೆ (ರೋ) ಬ್ರಿನ್ ಇಂಡೆಕ್ಸ್: ನನ್ನ ಅನುಭವ

ಇಂಡೆಕ್ಸ್ ಅಂದರೆ ಡೇಟಾಬೇಸಿನಲ್ಲಿ ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿ. ಬಿ-ಟ್ರೀ ಇಂಡೆಕ್ಸ್ ಪ್ರತಿ ಸಾಲಿಗೂ ಗುರುತು ಇಡುತ್ತದೆ. ಬ್ರಿನ್ ಹಾಗಲ್ಲ, ಅಕ್ಕಪಕ್ಕದ ಪೇಜ್‌ಗಳ (ಡಿಸ್ಕಿನಲ್ಲಿ ಸಾಲುಗಳು ಕೂರುವ ತುಂಡುಗಳ) ಒಂದೊಂದು ಗುಂಪಿಗೆ, ಅಂದರೆ ರೇಂಜಿಗೆ, ಕನಿಷ್ಠ-ಗರಿಷ್ಠ ಮಾತ್ರ ಬರೆದಿಡುತ್ತದೆ. ಮಳೆ ಲೆಕ್ಕ ಇಡುವ ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಬ್ರಿನ್ ಹಾಕುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರು ಒಪ್ಪಲಿಲ್ಲ. "ಸುಮ್ನೆ ಬಿ-ಟ್ರೀ ಹಾಕು, ರ‍್ಯಾಮ್ ಜಾಸ್ತಿ ಮಾಡು" ಅಂದರು. ಹಾಗೆ ಮಾಡಿದ್ದರೆ ಸರ್ವರ್ ಬಾಡಿಗೆ ತಿಂಗಳಿಗೆ 2,500ರಿಂದ 8,000ದ ಹತ್ತಿರ ಹೋಗುತ್ತಿತ್ತು. ತೋಟದವರು ಕೊಡುವ ಚಂದಾದಲ್ಲಿ ಅದು ಗಿಟ್ಟುವುದಿಲ್ಲ.

ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯ ಅಡಿಕೆ ತೋಟಗಳಲ್ಲಿ ನಮ್ಮ ಮಳೆಮಾಪಕಗಳು ಸುಮಾರು ನೂರಿವೆ. ನಿಮಿಷಕ್ಕೊಂದು ರೀಡಿಂಗ್, ವರ್ಷಕ್ಕೆ ಐದು ಕೋಟಿ ರೋ. ಜನ ಕೇಳುವುದು ಒಂದೇ: "ಪುಷ್ಯ ಮಳೆ ಎಲ್ಲೆಲ್ಲಿ ಎಷ್ಟು ಇಂಚು ಹೊಯ್ತು? ಹೋದ ವರ್ಷ ಎಷ್ಟು?" ಕೊಳೆ ರೋಗಕ್ಕೆ ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಯಬೇಕೋ ಬೇಡವೋ ಅಂತ ಅದನ್ನು ನೋಡಿ ತೀರ್ಮಾನಿಸುತ್ತಾರೆ. ನಮಗದು ಹದಿನಾಲ್ಕು ದಿನದ ಅವಧಿಯ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ). ಹತ್ತು ಕೋಟಿ ಸಾಲಿಗೆ ಸಮಯದ ಮೇಲಿನ ಬಿ-ಟ್ರೀ 2 ಜಿಬಿ ದಾಟಿತ್ತು. ಬ್ರಿನ್ 200 ಕೆಬಿ ಆಸುಪಾಸು!

ಬೇಸಿಗೆ ಪೂರ್ತಿ ಚೆನ್ನಾಗಿ ಓಡಿತು. ಮಳೆಗಾಲ ಬಂದಿದ್ದೇ ಕೈಕೊಟ್ಟಿತು. ಕರೆಂಟ್ ಹೋಗಿ ಟವರ್ ಸತ್ತರೆ ಮಳೆಮಾಪಕದ ಡಬ್ಬಿ ರೀಡಿಂಗ್ ಕೂಡಿಟ್ಟುಕೊಂಡು ಮೂರ್ನಾಲ್ಕು ದಿನ ಬಿಟ್ಟು ಒಟ್ಟಿಗೆ ಸುರಿಯುತ್ತದೆ. ಹಳೇ ಸಮಯದ ಸಾಲುಗಳು ಹೊಸ ಪೇಜ್‌ಗಳಿಗೆ ಬಿದ್ದು, ಆ ರೇಂಜುಗಳ ಕನಿಷ್ಠ-ಗರಿಷ್ಠ ಹಿಗ್ಗಿಬಿಟ್ಟವು. ಬೇಡದ ರೇಂಜುಗಳನ್ನೂ ಓದಬೇಕಾಯಿತು. ಎರಡು ಸೆಕೆಂಡಿನ ಕ್ವೆರಿ ಇಪ್ಪತ್ತಕ್ಕೆ ಹೋಯಿತು. ಪೇಜಸ್-ಪರ್-ರೇಂಜ್ (ಒಂದು ರೇಂಜಿಗೆ ಎಷ್ಟು ಪೇಜ್) 128ರಿಂದ 32ಕ್ಕೆ ಇಳಿಸಿದೆ, ಏನೂ ಉಪಯೋಗವಾಗಲಿಲ್ಲ. ಪೋಸ್ಟ್‌ಗ್ರೆಸ್‌ನ 2021ರ 14ನೇ ಆವೃತ್ತಿಯಲ್ಲಿ ಬಂದ, ಒಂದು ರೇಂಜಿಗೆ ಹಲವು ಕನಿಷ್ಠ-ಗರಿಷ್ಠ ಜೋಡಿ ಇಡುವ ಮಿನ್‌ಮ್ಯಾಕ್ಸ್-ಮಲ್ಟಿ ಹಾಕಿದೆ. ಅದರಿಂದ ಅರ್ಧ ಸುಧಾರಿಸಿತು, ಅಷ್ಟೇ.

ಕೊನೆಗೆ ಇಂಡೆಕ್ಸ್ ಬಿಟ್ಟು ಡೇಟಾ ಬರುವ ದಾರಿಯನ್ನೇ ಬದಲಿಸಿದೆ. ಈಗ ರೀಡಿಂಗ್ ಎಲ್ಲ ಮೊದಲು ಒಂದು ಸಣ್ಣ ಟೇಬಲಿಗೆ ಬೀಳುತ್ತದೆ. ಅಲ್ಲಿ ಮಾಮೂಲಿ ಬಿ-ಟ್ರೀ ಇದೆ. ಕೆಲವು ದಿನ ಕಾಯಿಸಿ, ರಾತ್ರಿ ಸಮಯದ ಕ್ರಮದಲ್ಲಿ ಸಾರ್ಟ್ ಮಾಡಿ ದೊಡ್ಡ ಟೇಬಲಿಗೆ ಸಾಗಿಸುತ್ತೇನೆ. ಅದಕ್ಕಿಂತ ತಡವಾಗಿ ಬಂದದ್ದು ಬೇರೆ ಟೇಬಲಿಗೆ. ಮೂರನ್ನೂ ಸೇರಿಸಿ ಒಂದೇ ಟೇಬಲಿನಂತೆ ತೋರಿಸುವ ಒಂದು ವ್ಯೂ. ಯಾವ ಡಬ್ಬಿಗೆ ಎಷ್ಟು ದಿನ ಕಾಯಬೇಕು ಅನ್ನುವ ಲೆಕ್ಕ ನಾನೇ ಕಂಡುಕೊಂಡದ್ದು, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಸಾಗಿಸಿದ ಮೇಲೆ ಸಮರೈಸ್ ಮಾಡುವುದನ್ನು (ಹೊಸ ರೇಂಜುಗಳ ಕನಿಷ್ಠ-ಗರಿಷ್ಠ ಬ್ರಿನ್‌ಗೆ ಬರೆಸುವುದನ್ನು) ಮರೆಯಬೇಡಿ. ಆಟೋಸಮರೈಸ್ ತಾನಾಗಿ ಆನ್ ಇರುವುದಿಲ್ಲ. ದೊಡ್ಡ ಟೇಬಲಿನಲ್ಲಿ ಡಿಲೀಟ್, ಅಪ್‌ಡೇಟ್ ಕೂಡದು. ಖಾಲಿಯಾದ ಜಾಗಕ್ಕೆ ಹೊಸ ರೋ ನುಗ್ಗಿದರೆ ಮತ್ತೆ ಅದೇ ಕಥೆ.

ಈಗ ಎಂಥಾ ಮಳೆಯಲ್ಲೂ ಎರಡು ಸೆಕೆಂಡಿನೊಳಗೆ ಉತ್ತರ ಬರುತ್ತದೆ, ಅದೇ ಹಳೇ ಸರ್ವರಿನಲ್ಲಿ. ಬೇಡ ಅಂದಿದ್ದ ಗೆಳೆಯರಲ್ಲಿ ಒಬ್ಬರು ಈಗ ತಮ್ಮ ಲಾಗ್ ಟೇಬಲಿಗೂ ಇದನ್ನೇ ಹಾಕಿಕೊಂಡಿದ್ದಾರೆ.