ನಿರುದ್ಯೋಗದ ಅಂಕಿ: ನಾನು ಓದುವ ಬಗೆ

ಕೊಡಗಿನ ಸುಂಟಿಕೊಪ್ಪ ಹತ್ತಿರದ ಒಂದು ಪಂಚಾಯಿತಿ ಗ್ರಂಥಾಲಯವನ್ನು ನಾನು ನೋಡಿಕೊಳ್ಳುತ್ತೇನೆ. ಸಂಜೆ ಹೊತ್ತು ಪರೀಕ್ಷೆಗೆ ಓದುವ ಮಕ್ಕಳೇ ಜಾಸ್ತಿ. 2023-24ರಲ್ಲಿ ದೇಶದ ನಿರುದ್ಯೋಗ ಶೇ 3.2 ಎಂದು ಪೇಪರಿನಲ್ಲಿ ಬಂದಾಗ ಅವರು ಕೇಳಿದ್ದು ಇಷ್ಟೇ: "ಡಿಗ್ರಿ ಮುಗಿಸಿ ಮನೇಲಿ ಇರೋರು ಎಷ್ಟು ಜನ ಇದ್ದಾರೆ, ಇಷ್ಟು ಕಡಿಮೆ ಹೇಗೆ ಸಾರ್?" ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ನಾನು ಈ ಲೆಕ್ಕ ಕಲಿತೆ.

ಈ ಅಂಕಿ ಬರುವುದು ಉದ್ಯೋಗ, ನಿರುದ್ಯೋಗ ಅಳೆಯುವ ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಸಮೀಕ್ಷೆಯಿಂದ. ಅದು 2017ರ ಏಪ್ರಿಲ್‌ನಲ್ಲಿ ಶುರುವಾಯಿತು. ಶೇಕಡಾವಾರು ಬಿಟ್ಟು ಸಾವಿರ ಜನರ ಲೆಕ್ಕ ಹಾಕಿದರೆ ಎಲ್ಲವೂ ಸುಲಭ. 15 ವರ್ಷ ತುಂಬಿದ 1,000 ಜನರನ್ನು ತೆಗೆದುಕೊಳ್ಳಿ. 2023-24ರಲ್ಲಿ ಅವರಲ್ಲಿ 601 ಜನ ಕೆಲಸದಲ್ಲಿದ್ದರು ಅಥವಾ ಕೆಲಸ ಬೇಕು ಎನ್ನುತ್ತಿದ್ದರು. ಇವರೇ ಕಾರ್ಮಿಕ ಪಡೆ. ಕೆಲಸ ಇದ್ದವರು 582. ಉಳಿದದ್ದು 19. ಈ 19ನ್ನು ಭಾಗಿಸುವುದು 1,000ದಿಂದಲ್ಲ, 601ರಿಂದ. ಆಗ ಶೇ 3.2 ಬರುತ್ತದೆ.

ಉಳಿದ 399 ಜನ ಈ ಲೆಕ್ಕದಲ್ಲೇ ಇಲ್ಲ! ಓದುತ್ತಿರುವವರು, ಬರೀ ಮನೆಕೆಲಸ ನೋಡಿಕೊಳ್ಳುವವರು, ವಯಸ್ಸಾದವರು ಅಲ್ಲಿದ್ದಾರೆ. ಕೆಲಸ ಹುಡುಕಿ ಸಾಕಾಗಿ, ಇನ್ನು ಬೇಡ ಎಂದು ಕೈಬಿಟ್ಟವರೂ ಅಲ್ಲೇ. ಆ 19ರಲ್ಲಿ ಐವರು "ನನಗೆ ಕೆಲಸ ಬೇಡ" ಎಂದು ಕೂತರೆ, 596ರಲ್ಲಿ 14 ಉಳಿಯುತ್ತಾರೆ. ದರ ಶೇ 2.3ಕ್ಕೆ ಇಳಿಯುತ್ತದೆ. ಹೊಸದಾಗಿ ಒಬ್ಬರಿಗೂ ಕೆಲಸ ಸಿಕ್ಕಿಲ್ಲ, ಆದರೂ ಅಂಕಿ ಚೆನ್ನಾಗಿ ಕಾಣುತ್ತದೆ. ಇದಕ್ಕೇ ನಾನು ನಿರುದ್ಯೋಗದ ದರ ಒಂದನ್ನೇ ಯಾವತ್ತೂ ಓದುವುದಿಲ್ಲ.

ಆಮೇಲೆ ಊರಿನವರನ್ನೇ ಈ ಲೆಕ್ಕದೊಳಗೆ ಕೂರಿಸಿ ನೋಡಿದೆವು. ಗ್ರಂಥಾಲಯಕ್ಕೆ ಬರುವ ಬಿ.ಕಾಂ. ಹುಡುಗ ಕೆಎಎಸ್‌ಗೆ ಓದುತ್ತಿದ್ದಾನೆ. ಅವನನ್ನು ವಿದ್ಯಾರ್ಥಿ ಎಂದು ಬರೆದುಕೊಂಡರೆ ಅವನು ನಿರುದ್ಯೋಗಿಯಲ್ಲ, ಪಡೆಯಿಂದಲೇ ಹೊರಗೆ. ಅವನಿಗೆ ಇದು ಒಪ್ಪಿಗೆಯಾಗಲಿಲ್ಲ. ಸ್ವಂತ ತೋಟದಲ್ಲಿ ಗಂಡನ ಜೊತೆ ದುಡಿದು, ಕಣದಲ್ಲಿ ಕಾಫಿ ಒಣಗಿಸುವ ಅಕ್ಕ ಒಬ್ಬರಿದ್ದಾರೆ. ಕೈಗೆ ಸಂಬಳ ಬರದಿದ್ದರೂ ಅವರು ಉದ್ಯೋಗಸ್ಥೆ. ಇದು ಸರಿಯೇ ಅಲ್ವಾ, ಆ ದುಡಿಮೆ ಇಲ್ಲದೆ ತೋಟ ನಡೆಯುವುದಿಲ್ಲ. 15 ವರ್ಷ ತುಂಬಿದ ಮಹಿಳೆಯರಲ್ಲಿ ಕಾರ್ಮಿಕ ಪಡೆಯಲ್ಲಿದ್ದವರ ಪ್ರಮಾಣ 2017-18ರಲ್ಲಿ ಶೇ 23.3 ಇತ್ತು, 2023-24ಕ್ಕೆ 41.7 ಆಯಿತು. ಇದರಲ್ಲಿ ಇಂಥ ಸಂಬಳವಿಲ್ಲದ ದುಡಿಮೆಯೂ ಸೇರಿದೆ. ಆ ಏರಿಕೆಯನ್ನು ಸುಮ್ನೆ ಹೊಸ ನೌಕರಿ ಎಂದು ಓದಬಾರದು.

ಹೆಚ್ಚು ಹೊತ್ತು ಹಿಡಿದದ್ದು ತೋಟದ ಕೂಲಿಯವರು ಇರುವ ಲೈನ್‌ಮನೆಯ ಒಬ್ಬ ಹೆಣ್ಣುಮಗಳ ವಿಷಯ. ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ ಕಾಫಿ ಕೊಯ್ಲು, ಉಳಿದ ದಿನ ಹೆಚ್ಚಾಗಿ ಮನೆಗೆಲಸ. ವರ್ಷದ ಲೆಕ್ಕದಲ್ಲಿ ಆಕೆ ಕೆಲಸಗಾರ್ತಿ, ಏಕೆಂದರೆ 30 ದಿನ ದುಡಿದಿದ್ದರೂ ಸಾಕು. ವಾರದ ಲೆಕ್ಕ ಬೇರೆ. ಹಿಂದಿನ 7 ದಿನಗಳಲ್ಲಿ ಒಂದು ದಿನ, ಒಂದು ಗಂಟೆಯಾದರೂ ಕೆಲಸ ಮಾಡಿರಬೇಕು. ಜುಲೈನ ಜಡಿಮಳೆಯಲ್ಲಿ ಕೇಳಿದರೆ ಆಕೆಗೆ ಕೆಲಸ ಇಲ್ಲ. ಕೆಲಸ ಕೊಟ್ಟರೆ ಬರುತ್ತೇನೆ ಎಂದರೆ ನಿರುದ್ಯೋಗಿ, ಇಲ್ಲವಾದರೆ ಪಡೆಯ ಹೊರಗೆ.

ಅದೇ ಕಾರಣಕ್ಕೆ 2023-24ರ ವಾರದ ಲೆಕ್ಕ ಶೇ 4.9, ವರ್ಷದ ಲೆಕ್ಕ 3.2. ಈಗ ತಿಂಗಳು ತಿಂಗಳು ಬರುವುದು ವಾರದ ಲೆಕ್ಕ. 2025ರ ಏಪ್ರಿಲ್‌ನ ಮೊದಲ ಅಂಕಿ 5.1 ಇತ್ತು. ಅದನ್ನು 3.2ರ ಪಕ್ಕ ಇಟ್ಟು "ನಿರುದ್ಯೋಗ ಏರಿತು" ಎನ್ನುವುದು, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಅರೇಬಿಕಾ ಪಾರ್ಚ್‌ಮೆಂಟ್ ರೇಟನ್ನು ಸಿಪ್ಪೆ ಸಮೇತ ಒಣಗಿಸಿದ ರೋಬಸ್ಟಾ ಚೆರಿ ರೇಟಿಗೆ ಹೋಲಿಸಿದ ಹಾಗೆ.

ಮಕ್ಕಳಿಗೆ ನಿಜವಾಗಿ ತಾಗಿದ ಅಂಕಿ ಬೇರೆ. 2023-24ರಲ್ಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ ಶೇ 10.2. ಅವರ ಪ್ರಶ್ನೆ ಹುಟ್ಟಿದ್ದೇ ಇಲ್ಲಿಂದ. ಅದರ ಜೊತೆ, ಕೆಲಸ ಇರುವವರಲ್ಲಿ ಸ್ವಂತ ದುಡಿಮೆಯವರು ಶೇ 58.4, ತಿಂಗಳ ಸಂಬಳದವರು 21.7 ಮಾತ್ರ. ಕೆಲಸ ಇದೆಯಾ ಎನ್ನುವುದಕ್ಕಿಂತ ಎಂಥ ಕೆಲಸ ಎನ್ನುವುದೇ ನನಗೆ ಮುಖ್ಯ.

ಈಗ ಗ್ರಂಥಾಲಯದ ಬೋರ್ಡಿನಲ್ಲಿ ದರ ಬರೆದಾಗಲೆಲ್ಲ ಪಕ್ಕದಲ್ಲಿ ಪಡೆಯಲ್ಲಿ ಎಷ್ಟು ಜನ, ಕೆಲಸದಲ್ಲಿ ಎಷ್ಟು ಜನ, ಯಾವ ವಯಸ್ಸು, ವರ್ಷದ ಲೆಕ್ಕವೋ ವಾರದ್ದೋ ಎಂದೂ ಬರೆಯುತ್ತೇವೆ. ದೇಶದ ಅಂಕಿಯನ್ನು ಕೊಡಗಿಗೆ ಅಂಟಿಸುವುದಿಲ್ಲ.