ಬಾತ್ ಸಿಟಿಯ ಜೇನುಬಣ್ಣದ ಕಲ್ಲು ಫೋಟೋದಲ್ಲಿ ಬೂದಿ ಆಗ್ದೇ ಇರಕ್ಕೆ

ಇಂಗ್ಲೆಂಡಿನ ಬಾತ್‌ಗೆ ಕ್ಯಾಮೆರಾ ತಗೊಂಡು ಹೋಗೋರು ಮೊದ್ಲು ಬೆಳಕಿನ ಬಣ್ಣ ನೋಡಿ ಫೋಟೋ ಬಣ್ಣ ತಾನೇ ಸರಿಮಾಡೋ ಆಟೋ ವೈಟ್ ಬ್ಯಾಲೆನ್ಸ್ ತೆಗ್ದು ಡೇಲೈಟ್‌ಗೆ ಅಂದ್ರೆ ಸುಮಾರು 5500 ಕೆಲ್ವಿನ್‌ಗೆ (ಬೆಳಕಿನ ಬಣ್ಣದ ಅಳತೆ) ಫಿಕ್ಸ್ ಮಾಡ್ಬಿಡಿ, ತುಂಬಾ ಫೋನ್‌ಗಳಲ್ಲೂ ಪ್ರೋ ಮೋಡ್‌ನಲ್ಲಿ ಸಿಗತ್ತೆ. ಅಲ್ಲಿ ಹಳೇ ಕಟ್ಟಡ ಹೆಚ್ಚುಕಮ್ಮಿ ಎಲ್ಲಾ ಒಂದೇ ಜೇನುಬಣ್ಣದ ಸುಣ್ಣಕಲ್ಲಲ್ಲಿ ಕಟ್ಟಿರೋದು, ಫ್ರೇಮ್ ತುಂಬಾ ಅದೇ ಹಳದಿ ಕಂಡಾಗ ಕ್ಯಾಮೆರಾ ಬೆಳಕೇ ಹಳದಿ ಇದೆ ಅಂದ್ಕೊಂಡು ನೀಲಿ ಕಡೆಗೆ ಎಳ್ಯತ್ತೆ, ಕಲ್ಲು ಸಿಮೆಂಟ್ ಥರ ಆಗೋಗತ್ತೆ. ರಾಯಲ್ ಕ್ರೆಸೆಂಟ್‌ಗೆ ಇದ್ರಿಂದ ಇನ್ನೊಂದು ಲಾಭ, 1767ರಿಂದ 1774ರವರೆಗೆ ಕಟ್ಟಿದ 30 ಮನೆಗಳ ಆ ಬಾಗಿದ ಸಾಲನ್ನ ನಾಲ್ಕೈದು ಶಾಟ್ ತೆಗ್ದು ಜೋಡಿಸ್ವಾಗ ಬಣ್ಣ ಒಂದರಿಂದ ಇನ್ನೊಂದಕ್ಕೆ ಬದಲಾಗಲ್ಲ. ಹತ್ರದಲ್ಲೇ ಇರೋ ಸರ್ಕಸ್ ಅನ್ನೋ ದುಂಡಗಿನ ಮನೆಸಾಲಲ್ಲಿ ದಯವಿಟ್ಟು ಬರೀ ವೈಡ್ ತೆಗ್ದು ಬರ್ಬೇಡಿ, ಕೆಳಗಿನ ಡೋರಿಕ್ ಅನ್ನೋ ಸರಳ ಗ್ರೀಕ್ ಶೈಲಿಯ ಕಂಬಗಳ ಮೇಲಿನ ಪಟ್ಟಿಗೆ ಜೂಮ್ ಮಾಡಿ, ಹಾವು, ಹಡಗಿನ ಚಿಹ್ನೆ ಹೀಗೆ ನೂರಾರು ಪುಟ್ಟ ಕೆತ್ತನೆ ಇವೆ, ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದೂ ಎದ್ದು ಕಾಣತ್ತೆ. ಆದ್ರೆ ಮೋಡ ಮುಚ್ಚಿದ್ರೆ ಅಥವಾ ಗೋಡೆ ಪೂರ್ತಿ ನೆರಳಲ್ಲಿದ್ರೆ ಈ ಸೆಟ್ಟಿಂಗ್ ನೀಲಿ ಹೊಡ್ಯತ್ತೆ, ಆಗ ಕ್ಲೌಡಿ ಇಲ್ಲಾ ಶೇಡ್‌ಗೆ ಹಾಕಿ. ರೋಮನ್ ಬಾತ್ಸ್ ಅನ್ನೋ ರೋಮನ್ನರ ಕಾಲದ ಸ್ನಾನಗೃಹದ ಒಳಗೆ ದೊಡ್ಡ ಕೊಳಕ್ಕೆ ಈಗ ಚಾವಣಿ ಇಲ್ದೇ ಬಿಸಿಲಿಗೆ ಪಾಚಿ ಬೆಳ್ದು ನೀರು ಹಸಿರಾಗಿದೆ, ಹಗಲಲ್ಲಿ ಡೇಲೈಟ್ ಆ ಹಸಿರನ್ನೂ ಚೆನ್ನಾಗಿ ಹಿಡಿಯತ್ತೆ, ಸಂಜೆ ಪಂಜು ಹಚ್ಚಿದ್ಮೇಲೆ ಮಾತ್ರ ಎಲ್ಲಾ ಕಿತ್ತಳೆ ಆಗ್ಬಿಡತ್ತೆ, 3500 ಕೆಲ್ವಿನ್ ಹತ್ರ ಇಳಿಸ್ಕೊಳಿ.