ಸುಟ್ಟ ಕಡತ, ಉಳಿದ ವಾರಂಟು: ಅಮೆರಿಕದ ಮೊದಲ ಬಂದರು ಕೋಟೆಗಳ ಲೆಕ್ಕ ಕೂಡಿಸಿದ ಬಗೆ (ನನ್ನ ಅನುಭವ)

1794ರಿಂದ 1798ರವರೆಗೆ ಅಮೆರಿಕ ಸರ್ಕಾರ ಬಂದರು ಕೋಟೆಗಳಿಗೆ ಕೊಟ್ಟ ಹಣದ ಲೆಕ್ಕ ಮತ್ತೆ ಕಟ್ಟಲು ಬರುವುದಿಲ್ಲ ಎಂದು ವಿಷಯ ಬಲ್ಲವರೇ ಹೇಳುತ್ತಿದ್ದರು. 1800ರ ನವೆಂಬರ್ 8ರಂದು ವಾಷಿಂಗ್ಟನ್ನಿನ ಯುದ್ಧ ಇಲಾಖೆಯ ಕಚೇರಿ ಸುಟ್ಟು, ಕಡತಗಳು ಬೂದಿಯಾದವು. ಆದರೂ ಈಗ ಲೆಕ್ಕ ಕೂಡಿದೆ. ಕಿರ್ದಿ, ಖತಾವಣಿ, ಉಚಂತಿ ಖಾತೆ (ಲೆಕ್ಕ ತೀರುವ ತನಕ ಹಣವನ್ನು ತಾತ್ಕಾಲಿಕವಾಗಿ ತೋರಿಸುವ ಖಾತೆ) ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಕಿಗಳನ್ನು ನೆನಪಿನಿಂದ ಕೊಡುತ್ತಿರುವುದರಿಂದ ಬಿಡಿ ಡಾಲರುಗಳನ್ನು ಬಿಟ್ಟಿದ್ದೇನೆ.

ಮೊದಲು ಕೋಟೆಗೊಂದು ಹಾಳೆ ತೆರೆದೆ. ಅದು ನಿಲ್ಲಲಿಲ್ಲ, ಎರಡನೇ ಸಲವೂ ನಿಲ್ಲಲಿಲ್ಲ. ಖಜಾನೆಗೆ ಕೋಟೆಯ ಹೆಸರೇ ಬೇಕಿರಲಿಲ್ಲ. 'ಬಂದರುಗಳ ರಕ್ಷಣೆ' ಎಂಬ ಒಂದೇ ಲೆಕ್ಕ ಶೀರ್ಷಿಕೆಯಡಿ ಹಣ ಹೊರಡುತ್ತಿತ್ತು. ಜೊತೆಗೆ ಹೆಸರುಗಳೂ ನಿಲ್ಲುವುದಿಲ್ಲ. ಬಾಲ್ಟಿಮೋರ್‌ನ ವೆಟ್‌ಸ್ಟೋನ್ ಮುಂದೆ ಮೆಕ್‌ಹೆನ್ರಿ ಆಯಿತು, ಬಾಸ್ಟನ್ನಿನ ಕ್ಯಾಸಲ್ ದ್ವೀಪದ ಕೋಟೆ ಇಂಡಿಪೆಂಡೆನ್ಸ್ ಆಯಿತು, ನ್ಯೂಯಾರ್ಕಿನ ಜೇ ಕೋಟೆ ಸುಮಾರು ನೂರು ವರ್ಷ ಕೊಲಂಬಸ್ ಆಗಿತ್ತು.

ಆಗ ಕೋಟೆಯನ್ನು ಬಿಟ್ಟು ವಾರಂಟನ್ನು, ಅಂದರೆ ಹಣ ಕೊಡಲು ಖಜಾನೆ ಹೊರಡಿಸುವ ಲಿಖಿತ ಆಜ್ಞೆಯನ್ನು, ಹಿಡಿದೆ. ಯುದ್ಧ ಕಾರ್ಯದರ್ಶಿಯ ಬೇಡಿಕೆಯ ಮೇಲೆ ಖಜಾನೆ ಕಾರ್ಯದರ್ಶಿ ವಾರಂಟು ಕೊಡುತ್ತಾನೆ, ಕಂಪ್ಟ್ರೋಲರ್ ಮರುಸಹಿ ಹಾಕುತ್ತಾನೆ, ರಿಜಿಸ್ಟ್ರಾರ್ ದಾಖಲಿಸುತ್ತಾನೆ, ಟ್ರೆಷರರ್ ಹಣ ಕೊಡುತ್ತಾನೆ. ಬೆಂಕಿ ತಿಂದದ್ದು ಬೇಡಿಕೆಯ ತುದಿಯನ್ನು. 1801ರ ಜನವರಿಯಲ್ಲಿ ಖಜಾನೆಗೂ ಬೆಂಕಿ ಬಿತ್ತು ನಿಜ, ಆದರೆ ವರ್ಷದ ಜಮಾ-ಖರ್ಚಿನ ಲೆಕ್ಕ ಅಷ್ಟರಲ್ಲೇ ಅಚ್ಚಾಗಿ ಕಾಂಗ್ರೆಸ್ಸಿಗೆ ಹೋಗಿತ್ತು. ಅದರಿಂದ ನನ್ನ ಹೊಸ ಹಾಳೆ ತುಂಬಿದೆ: ಒಂದು ಸಾಲಿಗೆ ಒಂದು ವಾರಂಟು. ತಾರೀಖು, ಪಡೆದವನ ಹೆಸರು, ಮೊತ್ತ, ಯಾವ ಕಾನೂನಿನ ಮಂಜೂರಾತಿ ಎಂಬ ನಾಲ್ಕು ಅಂಕಣ. ಐದನೆಯ ಅಂಕಣದಲ್ಲಿ ಬಂದರಿನ ಹೆಸರು. ಅದನ್ನು ಕೊನೆಯವರೆಗೂ ಖಾಲಿ ಬಿಡಬೇಕು.

1794ರ ಮಾರ್ಚ್ 20ರ ಕಾನೂನಿನ ಹಿಂದಿದ್ದ ಅಂದಾಜು ಕಾಮಗಾರಿಗೆ ಸುಮಾರು 76 ಸಾವಿರ ಡಾಲರ್, ಫಿರಂಗಿಗಳಿಗೆ ಸುಮಾರು 96 ಸಾವಿರ. ಬಂದರುಗಳು ಹೆಚ್ಚುಕಡಿಮೆ ಇಪ್ಪತ್ತು. ತಲೆಗೆ ನಾಲ್ಕು ಸಾವಿರವೂ ಬೀಳದು. ಅದಕ್ಕೇ ಯುದ್ಧ ಕಾರ್ಯದರ್ಶಿ ಹೆನ್ರಿ ನಾಕ್ಸ್ ಕಲ್ಲು ಬೇಡ, ಮಣ್ಣಿನ ದಿಬ್ಬಕ್ಕೆ ಹುಲ್ಲಿನ ಹೊದಿಕೆ ಸಾಕು, ಮಣ್ಣು ಹಿಡಿತಕ್ಕೆ ಬಾರದ ಕಡೆ ಮರದ ದಿಮ್ಮಿ ಹಾಕಿ ಎಂದದ್ದು. ಅಗ್ಗವೇನೋ ಹೌದು, ಆದರೆ ಮಳೆ-ಅಲೆಗೆ ದಿಬ್ಬ ಕುಸಿಯುತ್ತದೆ. ಒಂದೇ ಬಂದರಿಗೆ ವರ್ಷ ವರ್ಷವೂ ಹಣ ಹೋದದ್ದು ಕಂಡರೆ ಕಳ್ಳಲೆಕ್ಕ ಎನ್ನುವ ಮೊದಲು ದಿಬ್ಬ ಯಾವುದರಿಂದ ಕಟ್ಟಿದ್ದು ಎಂದು ನೋಡಿ.

ನಕ್ಷೆ ಹಾಕಿದವರು ರೋಷ್‌ಫೋಂಟೇನ್, ವಿನ್ಸೆಂಟ್, ಲಾಂಫಾಂ, ರಿವಾರ್ಡಿ ಮೊದಲಾದ ಹೊರದೇಶದ ಎಂಜಿನಿಯರುಗಳು. ಸಾಮಾನು ಕೊಂಡು ಕೂಲಿ ಕೊಟ್ಟವರು ಆಯಾ ಬಂದರಿನ ಏಜೆಂಟರು. ವಾರಂಟಿನಲ್ಲಿ ಏಜೆಂಟನ ಹೆಸರು ಹುಡುಕಬೇಕು. ಲಾಂಫಾಂ ಹೆಸರು ಹುಡುಕುತ್ತ ನಾನು ಕಳೆದ ಸಮಯ ದಂಡ.

ದೊಡ್ಡ ಹೊಡೆತ ಬಿದ್ದದ್ದು ಮುಂಗಡದಲ್ಲಿ. ಏಜೆಂಟನಿಗೆ ಕೊಟ್ಟ ಮುಂಗಡ ಆ ವರ್ಷದ ಖರ್ಚಾಗಿ ಅಚ್ಚಾಗುತ್ತದೆ. ಅವನು ವೋಚರು ಒಪ್ಪಿಸಿ ಲೆಕ್ಕ ತೀರಿಸುವುದು ಎರಡು ಮೂರು ವರ್ಷದ ಮೇಲೆ. ಎರಡನ್ನೂ ಖರ್ಚಿಗೆ ಹಾಕಿದರೆ ಅದೇ ಹಣ ಎರಡು ಸಲ ಬರುತ್ತದೆ. ಮುಂಗಡಗಳನ್ನೆಲ್ಲ ಉಚಂತಿಗೆ ಹಾಕಿ, ತೀರುವಳಿ ಕಂಡಾಗ ಮಾತ್ರ ಖರ್ಚಿಗೆ ತಂದೆ. ಆಮೇಲೇ ಲೆಕ್ಕ ತಾಳೆಯಾಯಿತು. ಮಂಜೂರಾತಿಗಳನ್ನು ಕೂಡಿಸಿ ಖರ್ಚು ಎನ್ನುವುದೂ ತಪ್ಪು: 1795ರ ಕಾನೂನಿನಂತೆ ಎರಡು ವರ್ಷ ದಾಟಿದ ಉಳಿಕೆ ಲ್ಯಾಪ್ಸ್ ಆಗುತ್ತಿತ್ತು. ಮತ್ತೆ ಮಂಜೂರಾದರೆ ಹೊಸ ಹಣದಂತೆ ಕಾಣುತ್ತದೆ.

ವೋಚರುಗಳ ನಾಣ್ಯದಲ್ಲೂ ಬಿದ್ದೆ. ಖಜಾನೆಯದು ಡಾಲರ್, ಬಡಗಿ-ಗಾರೆಯವರ ಬಿಲ್ಲು ಇನ್ನೂ ಶಿಲ್ಲಿಂಗಿನಲ್ಲಿ. ಡಾಲರಿಗೆ ನ್ಯೂಯಾರ್ಕಿನಲ್ಲಿ 8 ಶಿಲ್ಲಿಂಗ್, ಪೆನ್ಸಿಲ್ವೇನಿಯಾ-ಮೇರಿಲ್ಯಾಂಡಿನಲ್ಲಿ 7 ಶಿಲ್ಲಿಂಗ್ 6 ಪೆನ್ಸ್, ನ್ಯೂ ಇಂಗ್ಲೆಂಡ್-ವರ್ಜೀನಿಯಾದಲ್ಲಿ 6, ದಕ್ಷಿಣ ಕೆರೊಲಿನಾದಲ್ಲಿ 4 ಶಿಲ್ಲಿಂಗ್ 8 ಪೆನ್ಸ್. ಹಾಗಾಗಿ ಒಂದು ಪೌಂಡು (20 ಶಿಲ್ಲಿಂಗ್) ನ್ಯೂಯಾರ್ಕಿನಲ್ಲಿ ಎರಡೂವರೆ ಡಾಲರ್, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ 4.29. ಎಲ್ಲಕ್ಕೂ ಒಂದೇ ದರ ಹಾಕಿ ದಕ್ಷಿಣದ ಕೂಲಿ ಬಲು ಅಗ್ಗ ಎಂದು ಬರೆದುಕೊಂಡಿದ್ದೆ. ಪೂರಾ ತಪ್ಪು.

1798ರ ಮೇ 3ರ ಕಾನೂನು ಇನ್ನೊಂದು ಗಂಟು. ಎರಡೂವರೆ ಲಕ್ಷ ಡಾಲರ್ ಕೊಟ್ಟಿತು, ಜೊತೆಗೆ ಕೇಂದ್ರಕ್ಕೆ ಸಾಲ ಉಳಿಸಿಕೊಂಡ ರಾಜ್ಯಗಳು ಕೋಟೆಗೆ ಮಾಡಿದ ಖರ್ಚನ್ನು ಸಾಲಕ್ಕೆ ವಜಾ ಮಾಡಲು ಬಿಟ್ಟಿತು. ನ್ಯೂಯಾರ್ಕಿನ ಸಾಲ 20 ಲಕ್ಷ ದಾಟಿತ್ತು. ಅದಕ್ಕೆ ಸಿಕ್ಕ ಜಮಾ ಸುಮಾರು 2 ಲಕ್ಷ 22 ಸಾವಿರ. ಈ ಹಣ ಖಜಾನೆಯಿಂದ ಹೊರಟದ್ದೇ ಅಲ್ಲ, ವಾರಂಟು ಇರುವುದಿಲ್ಲ. ಪ್ರತ್ಯೇಕ ಖಾತೆ ತೆರೆಯಿರಿ. ಅದೇ ವರ್ಷದ ಜುಲೈನಲ್ಲಿ ಪಾವತಿಯ ಹಾದಿಯೂ ಬದಲಾದ್ದರಿಂದ ನನ್ನ ಹಾಳೆ ಅಲ್ಲಿಗೆ ನಿಲ್ಲುತ್ತದೆ.

ಐದನೆಯ ಅಂಕಣ ತುಂಬಲು 1796ರ ಜನವರಿಯಲ್ಲಿ ಯುದ್ಧ ಇಲಾಖೆಯ ಪರವಾಗಿ ಪಿಕರಿಂಗ್ ಕೊಟ್ಟ ಬಂದರುವಾರು ವರದಿ ಆಧಾರ. ಒಬ್ಬನೇ ಏಜೆಂಟ್ ಎರಡು ಬಂದರು ನೋಡಿಕೊಂಡ ಕಡೆ ಹಣ ಹೇಗೆ ಒಡೆದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ತಿಂಗಳುಗಟ್ಟಲೆ ಹಿಡಿದಿದೆ. ಇದನ್ನು ಈ ರೀತಿ ಕೂಡಿಸಿದವರನ್ನು ನಾನಂತೂ ಕಂಡಿಲ್ಲ.

ನಡುವೆ ಅದೇ ಹಾಳೆಯನ್ನು 1818ರ ರಿಪ್ ರ‍್ಯಾಪ್ಸ್ (ವರ್ಜೀನಿಯಾದಲ್ಲಿ ಕೋಟೆಗಾಗಿ ನೀರಿಗೆ ಕಲ್ಲು ಸುರಿದು ಮಾಡಿದ ದ್ವೀಪ) ಕಲ್ಲಿನ ಗುತ್ತಿಗೆಯ ಮೇಲೆ ಪ್ರಯೋಗಿಸಿದೆ. ಗುತ್ತಿಗೆದಾರ ಎಲೈಜಾ ಮಿಕ್ಸ್‌ಗೆ ಒಂದೂವರೆ ಲಕ್ಷ ಪರ್ಚ್ (ಕಲ್ಲಿನ ಘನ ಅಳತೆ) ಕಲ್ಲು, ಪರ್ಚ್‌ಗೆ 3 ಡಾಲರ್, ಒಟ್ಟು ನಾಲ್ಕೂವರೆ ಲಕ್ಷ. ಪರ್ಚ್ ಎಂದರೆ 24.75 ಘನ ಅಡಿ ಹಿಡಿದರೆ ನಮ್ಮ ಲೆಕ್ಕದಲ್ಲಿ 37,125 ಬ್ರಾಸ್ (ಬ್ರಾಸ್ ಎಂದರೆ 100 ಘನ ಅಡಿ), ಬ್ರಾಸಿಗೆ 12 ಡಾಲರ್ ಚಿಲ್ಲರೆ. ಕೆಲವು ಕಡೆ ರೂಢಿಯಲ್ಲಿದ್ದ 16.5 ಘನ ಅಡಿಯ ಪರ್ಚ್ ಹಿಡಿದರೆ ಮೂರನೇ ಒಂದು ಭಾಗ ಕಲ್ಲು ಮಾಯ, ಬ್ರಾಸಿನ ದರ 18ಕ್ಕೆ ಏರುತ್ತದೆ. ಗುತ್ತಿಗೆ ಓದುವಾಗ ದರಕ್ಕಿಂತ ಮೊದಲು ಅಳತೆಯ ವ್ಯಾಖ್ಯೆ ನೋಡಬೇಕು. ಅಲ್ಲಿ ಇನ್ನೊಂದು ತೊಡಕು: ನೀರೊಳಗೆ ಸುರಿದ ಕಲ್ಲಿನ ದ್ವೀಪವೇ ಕುಸಿಯುತ್ತಿತ್ತು. ಹಾಗಾಗಿ ಹಣ ಕೊಟ್ಟ ಕಲ್ಲು ನಕ್ಷೆಯ ಘನ ಅಳತೆಗೆ ತಾಳೆಯಾಗುವುದೇ ಇಲ್ಲ. ಆ ಹಾಳೆಯನ್ನು ಬಂದ ಕಲ್ಲಿನ ರಸೀದಿಯ ಮೇಲೆ ಮುಚ್ಚಿದೆ, ನಕ್ಷೆಯ ಮೇಲಲ್ಲ.